ಅರವತ್ತು ಮಂದಿಯ ಕಣ್ಣಿಗೆ ಬಿದ್ದ ಬಸವಂತ್ರಾಯ

ಕೊಂಕಲ್‌ನ ಬಸವಂತ್ರಾಯ ಯಾವ ಕೆಲಸಕ್ಕೂ ತಡವಾಗಿ ಹೋದವನಲ್ಲ. ಇವನು ಹೋಗುವ ಹೊತ್ತಿಗೆ ಕೆಲಸವೇ ಎದ್ದು ಹೋಗಿರುತ್ತಿತ್ತು. ಮನೆಯವರೆಲ್ಲ ಬಲೆ ಬೀಸಿ, ಹರಗೋಲು ಹಾಕಿ ಬದುಕಿದವರು. ಇವನೊಬ್ಬನ ಅಕ್ಷರ ದುಂಡಗಿವೆಯೆಂದು ಅಪ್ಪ ಶಹಾಪುರದ ಶಾಲೆಗೆ ಹಾಕಿದ. ಅಲ್ಲಿ ಎಂಟು ವರ್ಷ ಉರ್ದು ತಿದ್ದಿ, ಕಚೇರಿಯಲ್ಲಿ ಕಾಗದಗಳ ನಕಲು ಬರೆಯುವ ಕೆಲಸಕ್ಕೆ ಅರ್ಜಿ ಹಾಕಿದ ವಾರವೇ ನಿಜಾಮರ ಆಳ್ವಿಕೆ ಮುಗಿಯಿತು. ಎದೆಗುಂದದೆ ಇಂಗ್ಲಿಷಿಗೆ ಕೈಹಾಕಿದ. ಅದು ಒಂದಿಷ್ಟು ನಾಲಗೆಗೆ ಹತ್ತುವ ಹೊತ್ತಿಗೆ ನಾಡನ್ನು ಭಾಷೆಯ ಪ್ರಕಾರ ಹಂಚಿ, ಶಹಾಪುರ, ಸುರಪುರ, ಯಾದಗಿರಿಗಳನ್ನು ಮೈಸೂರಿಗೆ ಕೂಡಿಸಿದರು. ಇನ್ನು ಕಚೇರಿಯಲ್ಲಿ ಕನ್ನಡವೇ ಎಂದರು. ಬಸವಂತ್ರಾಯನಿಗೆ ಕನ್ನಡ ಆಡಲು ಬರುತ್ತಿತ್ತು, ಬೈಯಲು ಇನ್ನೂ ಚೆನ್ನಾಗಿ ಬರುತ್ತಿತ್ತು. ಬರೆಯಲು ಕೂತರೆ ಮಾತ್ರ ಬಲದಿಂದ ಎಡಕ್ಕೆ ಹೋಗಿ ರೂಢಿಯಾದ ಕೈ ಎದುರು ದಿಕ್ಕಿಗೆ ಹೊರಳಲು ಒಲ್ಲೆ ಎನ್ನುತ್ತಿತ್ತು. ಹೀಗಾಗಿ ನಕಲು ಬರೆಯಬೇಕಿದ್ದ ಈ ಅಸಲು ಮನುಷ್ಯ ಇಪ್ಪತ್ತೇಳನೆಯ ವಯಸ್ಸಿಗೆ ಶಹಾಪುರದ ಕಚೇರಿಯ ಎದುರು ಬೇವಿನ ಮರದ ಕೆಳಗೆ ಕೂತು, ಹಳೆಯ ಉರ್ದು ಕಾಗದಗಳನ್ನು ಮಂದಿಗೆ ಓದಿ ಹೇಳುತ್ತ ಕಾಲ ಕಳೆಯುತ್ತಿದ್ದ.

ಅದರಿಂದ ಹೊಟ್ಟೆಗೇನೂ ಅಡ್ಡಿಯಿರಲಿಲ್ಲ. ಅಡ್ಡಿಯಾದದ್ದು ಮದುವೆಗೆ. ಯಾದಗಿರಿಯಲ್ಲಿದ್ದ ಸೋದರತ್ತೆ ಸಾಯಬಮ್ಮನ ಮಗಳು ಭೀಮವ್ವ ಇವನಿಗೇ ಎಂದು ತೊಟ್ಟಿಲಿಗೆ ಹಾಕಿದ ದಿನವೇ ಹಿರಿಯರು ಆಡಿಕೊಂಡಿದ್ದರು. ಭೀಮವ್ವನಿಗೂ ಅದು ಮನಸ್ಸಿಗೆ ಬಂದ ಮಾತೇ. ಅಡ್ಡ ಬಂದದ್ದು ಅತ್ತೆಯ ಕಣ್ಣು.

ಆ ಕಣ್ಣಿಗೆ ಪೊರೆ ಬಂದಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಆಗಿಲ್ಲದ್ದೆಲ್ಲ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಗಂಡ ವೆಂಕಪ್ಪ ಭೀಮಾ ನದಿಯಲ್ಲಿ ಹರಗೋಲು ಹಾಕಿ ಮಂದಿಯನ್ನು ದಾಟಿಸುವವನು. ಇಪ್ಪತ್ತೈದು ವರ್ಷದಿಂದ ಸಾಯಬಮ್ಮ ದಿನಾ ಮುಂಜಾನೆ ಅವನು ಮುಳುಗುವುದನ್ನು ಮನಸ್ಸಿನಲ್ಲೇ ಕಂಡು, ಮಧ್ಯಾಹ್ನದೊಳಗೆ ಅತ್ತು ಮುಗಿಸಿ, ಸಂಜೆ ಅವನು ಒಣ ಧೋತರದಲ್ಲೇ ಮನೆಗೆ ಬಂದರೆ "ಇಷ್ಟೊತ್ತು ಎಲ್ಲಿ ಹೋಗಿದ್ರಿ?" ಎಂದು ಎಗರಾಡುತ್ತಿದ್ದಳು. ಆದರೆ ಕಂಡದ್ದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳುವಂತಿಲ್ಲ. ಮೇಲೆ ತಥಾಸ್ತು ದೇವತೆಗಳು ಓಡಾಡುತ್ತಿರುತ್ತವೆ. ಕೆಟ್ಟದ್ದನ್ನು ಆಡಿದ ಗಳಿಗೆಯಲ್ಲೇ ಅವು ತಲೆಯ ಮೇಲೆ ಹಾದರೆ "ಹಾಗೇ ಆಗಲಿ" ಎಂದುಬಿಡುತ್ತವೆ. ಬಾಯಿ ತಪ್ಪಿ ಬಂದರೆ ಕೂಡಲೇ "ಬಿಡ್ತು" ಎನ್ನಬೇಕು. ಅಂದರೆ ಆಡಿದ್ದು ರದ್ದು. ಇದು ಸಾಯಬಮ್ಮನೊಬ್ಬಳ ಕಾನೂನಲ್ಲ, ಊರಿಗೆಲ್ಲ ಇದ್ದ ಕಾನೂನು; ರಾಜ್ಯ ಎರಡು ಸಲ ಬದಲಾದರೂ ಇದೊಂದಕ್ಕೆ ತಿದ್ದುಪಡಿ ಬಂದಿರಲಿಲ್ಲ.

"ಸರಕಾರದ ಮೊಹರು ಹೊಡ್ದ ಕಾಗದ ತಂದು ತೋರ್ಸು ಬಸ್ಯಾ, ಹುಡುಗೀನ ಕೊಡತೀನಿ," ಎಂದಿದ್ದಳು ಅತ್ತೆ. "ಬೇವಿನ ಗಿಡದ ನೆರಳ ನಂಬಿ ಕೊಟ್ರ ನನ್ನ ಮಗಳು ನಾಳೆ..." ಎಂದು ಮುಂದೆ ಏನೋ ಕಂಡು, ನಾಲಗೆ ಕಚ್ಚಿ, "ಬಿಡ್ತು" ಎಂದು ಒಳಗೆ ಹೋಗಿದ್ದಳು.

ಮೊಹರು ಬಂದದ್ದು ಮರುವರ್ಷ. ಮೈಸೂರು ಕಡೆಯಿಂದ ಮನಃಶಾಸ್ತ್ರದ ಸಾಹೇಬರೊಬ್ಬರು ಬಂದು ಶಹಾಪುರದ ಪ್ರವಾಸಿ ಬಂಗಲೆಯಲ್ಲಿ ಇಳಿದರು. ಹೊಸದಾಗಿ ಕೂಡಿದ ಸೀಮೆಯ ಜನಕ್ಕೆ ಮುಂದಿನ ದಿನಗಳು ಹೇಗೆ ಕಾಣುತ್ತವೆ ಎಂದು ಅಳೆಯುವುದು ಅವರ ಕೆಲಸ. ಕೇಳಿದರೆ ಜನ ಸಾಹೇಬರಿಗೆ ಬೇಕಾದ್ದನ್ನೇ ಹೇಳುತ್ತಾರೆ. ಅದಕ್ಕೇ ಅವರು ಬೇರೆ ಉಪಾಯ ತಂದಿದ್ದರು. ಕಣ್ಣು ಮುಚ್ಚಿ ಕೂರಿಸಿ, ಬರುವ ವರ್ಷ ನಿಮಗೆ ಇಂಥದ್ದು ಆಯಿತು ಎಂದುಕೊಳ್ಳಿ ಎನ್ನುವುದು. ಹತ್ತು ಒಳ್ಳೆಯವು, ಹತ್ತು ಕೆಟ್ಟವು. ಚಿತ್ರ ಕಣ್ಣೊಳಗೆ ಮೂಡಿದ ಕೂಡಲೇ ಕೈ ಎತ್ತಬೇಕು. ಎಷ್ಟು ಸೆಕೆಂಡು ಹಿಡಿಯಿತು ಎಂದು ಗಡಿಯಾರ ಒತ್ತಿ ಬರೆದುಕೊಳ್ಳುವುದು. ಒಳ್ಳೆಯದು ಬೇಗ ಕಂಡರೆ ಮನಸ್ಸು ಆ ಕಡೆ ಹರಿಯುತ್ತದೆ, ಕೆಟ್ಟದ್ದು ಬೇಗ ಕಂಡರೆ ಈ ಕಡೆ. ಮೂರು ಊರು, ಊರಿಗೆ ಇಪ್ಪತ್ತು, ಒಟ್ಟು ಅರವತ್ತು ಮಂದಿ. ಇಲ್ಲಿಯ ಮಾತು ಬಲ್ಲ ಒಬ್ಬ ಸಹಾಯಕ ಬೇಕಿತ್ತು. ಬೇವಿನ ಮರದ ಕೆಳಗೆ ಸಿಕ್ಕ. ಗಡಿ ಯಾರದು ಎಂಬುದು ಇತ್ಯರ್ಥವಾದ ಮರುವರ್ಷವೇ ಬಸವಂತ್ರಾಯನ ಕೈಗೆ ಗಡಿಯಾರ ಬಂತು. ಒಂದು ತಿಂಗಳ ಆರ್ಡರು, ಕೆಳಗೆ ನೀಲಿ ಮೊಹರು. ಅರವತ್ತೂ ಮಂದಿಯ ಅಳತೆ ಸರಿಯಾಗಿ ಮುಗಿದರೆ ಮುಂದಕ್ಕೆ ಎಳೆಯುವ ಮಾತು.

ಸಾಯಬಮ್ಮ ಮೊಹರನ್ನು ಬಿಸಿಲಿಗೆ ಹಿಡಿದು ನೋಡಿದಳು, ಬೆರಳಿಂದ ತಿಕ್ಕಿ ನೋಡಿದಳು, ಕೊನೆಗೆ ಕಾರಹುಣ್ಣಿಮೆಯೊಳಗೆ ಮದುವೆ ಎಂದು ಎಲೆಅಡಿಕೆ ಹಿಡಿಸಿದಳು.

ಶಹಾಪುರದಲ್ಲಿ ಅಳತೆಗೆ ಮೊದಲು ಕೂತವನು ಚಹಾದಂಗಡಿಯ ಗುರಪ್ಪ. ಸಾಹೇಬರು ಮೃದುವಾಗಿ, "ಮುಂದಿನ ವರ್ಷ ತಾವು ಬಾವಿಗೆ ಜಾರಿ ಬಿದ್ದಿರೆಂದು ಭಾವಿಸಿ," ಎಂದರು.

ಗುರಪ್ಪ ಕಣ್ಣು ತೆರೆದ. "ಯಾರು?"

"ತಾವೇ."

"ಬಿಡ್ತು ಅನ್ರಿ!" ಗುರಪ್ಪ ಎದ್ದು ನಿಂತ. "ಮದ್ಲ ಬಿಡ್ತು ಅನ್ರಿ ಸಾಹೇಬ್ರ, ಆಮ್ಯಾಲ ಮಾತು. ನಿಮಗ ಒಂದ್ ಕಪ್ ಚಾ ಪುಕಟ ಕಳಿಸಿದ್ನಲ್ರಿ, ಅದಕ್ಕ ಇದೇನ್ ಇನಾಮು?"

ಸಾಹೇಬರು ಬಿಡ್ತು ಎಂದರು. ಆಮೇಲೆ ಬಂದ ಬಳೆ ಮಾರುವ ಮಲ್ಲಿಕಮ್ಮ ಮೂರು ಸಲ ಉಗುಳಿ, ಸಾಹೇಬರಿಂದಲೂ ಮೂರು ಸಲ ಉಗುಳಿಸಿದಳು. ಖಾಜಾಬೀ "ತೋಬಾ ತೋಬಾ" ಎಂದು ತನ್ನ ಕೆನ್ನೆಗೆ ತಾನೇ ಬಡಿದುಕೊಂಡು, ಸಾಹೇಬರ ಕೆನ್ನೆಯನ್ನೂ ಒಮ್ಮೆ ಆಸೆಯಿಂದ ನೋಡಿ ಹೋದಳು. ಸರಿ, ಕೆಟ್ಟದ್ದು ಬೇಡ, ಒಳ್ಳೆಯದರಿಂದ ಶುರು ಮಾಡೋಣ ಎಂದರೆ ಅದೂ ಆಗಲಿಲ್ಲ.

"ನಿಮ್ಮ ಎಮ್ಮೆ ಎರಡು ಪಟ್ಟು ಹಾಲು ಕರೆಯಿತು ಎಂದುಕೊಳ್ಳಿ."

"ಅನ್ಕೊಂಡು ನಿಮ್ ಮುಂದ ಕೈ ಎತ್ತಬೇಕೇನ್ರಿ? ನೆದರ ತಾಗಿ ಇದ್ದ ಹಾಲೂ ಬತ್ತಿ ಹೋಗ್ಲಿ ಅಂತ?" ಎಂದು ಎಮ್ಮೆಯವನು ಎದ್ದು ಹೋದ.

ಕೆಟ್ಟದ್ದಕ್ಕೆ ದೇವತೆಗಳ ಅಂಜಿಕೆ, ಒಳ್ಳೆಯದಕ್ಕೆ ನೆರೆಯವರ ಕಣ್ಣಿನದು. ಮೂರು ದಿನ ಕಳೆದರೂ ಸಾಹೇಬರ ಕಾಗದ ಬೆಳ್ಳಗೇ ಇತ್ತು. "ನೋಡಪ್ಪಾ, ಈ ಜನಕ್ಕೆ ಮನಸ್ಸೇ ಇಲ್ಲವೆಂದು ಬರೆದು ನಾಳೆ ಬಸ್ಸು ಹತ್ತುತ್ತೇನೆ," ಎಂದರು.

ಸಾಹೇಬರು ಬಸ್ಸು ಹತ್ತಿದರೆ ಬಸವಂತ್ರಾಯ ಮರ ಸೇರಬೇಕು. ಮರ ಸೇರಿದರೆ ಭೀಮವ್ವ ಕೈ ತಪ್ಪುತ್ತಾಳೆ. ಅವನು ರಾತ್ರಿಯೆಲ್ಲ ಏನೂ ಯೋಚಿಸಲಿಲ್ಲ, ಚೆನ್ನಾಗಿ ನಿದ್ದೆ ಮಾಡಿದ. ಮುಂಜಾನೆ ಹಲ್ಲುಜ್ಜುವಾಗ ಉಪಾಯ ತಾನಾಗಿ ಬಂತು.

"ಸಾಹೇಬ್ರ, ತಮ್ತಮ್ಮ ಬಗ್ಗೆ ಕೇಳಿದ್ರ ಮಂದಿ ಅಂಜತಾರ್ರಿ. ನನ್ನ ಬಗ್ಗೆ ಕೇಳ್ರಿ. ಬಾವಿಗೆ ನಾ ಬೀಳತೀನಿ, ನೌಕರೀನೂ ನನಗ ಸಿಗಲಿ. ನೋಡೂದಷ್ಟ ಅವರು ನೋಡ್ಲಿ."

"ನಿನಗೆ ಭಯವಿಲ್ಲವೇ?"

"ನನ್ ಬಾಯಿಲೆ ನಾ ಅನ್ನಂಗಿಲ್ಲಲ್ರಿ."

ಶಾಸ್ತ್ರದಲ್ಲಿ ಹೀಗೆ ಮಾಡಿದ್ದು ಎಲ್ಲೂ ಇಲ್ಲ ಎಂದು ಸಾಹೇಬರು ಅರ್ಧ ಗಂಟೆ ಗೊಣಗಿದರು. ಆಮೇಲೆ, ಯಾರೂ ಮಾಡಿಲ್ಲ ಎಂದರೆ ಮೊದಲು ಮಾಡಿದವರು ತಾವೇ ಆಗುತ್ತೇವೆ ಎಂದು ಹೊಳೆದು ಸುಮ್ಮನಾದರು. ಗುರಪ್ಪನನ್ನು ಮತ್ತೆ ಕರೆತಂದು ಕೂರಿಸಿದರು. "ಈ ಬಸವಂತ್ರಾಯ ಬಾವಿಗೆ..."

ಕೈ ಎದ್ದಿತು. ಎರಡು ಸೆಕೆಂಡು ಕೂಡ ಆಗಿರಲಿಲ್ಲ.

"ಎಷ್ಟರಮಟ್ಟಿಗೆ ಸ್ಪಷ್ಟ?" ಎಂದರು ಸಾಹೇಬರು.

"ಹದಿನಾರಾಣೆ ಅಂತೀಯೋ, ಎಂಟಾಣೆ ಅಂತೀಯೋ ಅಂತ ಕೇಳಾಕತ್ತಾರ," ಎಂದು ಬಸವಂತ್ರಾಯ ಬಿಡಿಸಿ ಹೇಳಿದ.

"ಹದಿನೇಳಾಣೆ ಇದ್ರ ಅದನ್ನೇ ಬರ್ಕೋರಿ," ಎಂದ ಗುರಪ್ಪ ಕಣ್ಣು ಮುಚ್ಚಿಕೊಂಡೇ. "ಚಪ್ಪಲಿ ಬಾವಿ ದಂಡಿಮ್ಯಾಲ ಅದಾವ. ಎಡಗಾಲಿಂದು ಉಂಗುಟ ಹರದದ. ಮಂದಿ ಹಗ್ಗ ತರಾಕ ಓಡ್ಯಾರ. ಹಗ್ಗ ಗಿಡ್ಡ ಬಿದ್ದದ..."

"ಸಾಕು, ಸಾಕು. ಈಗ ಒಳ್ಳೆಯದು. ಈ ಬಸವಂತ್ರಾಯನಿಗೆ ಕಾಯಂ ನೌಕರಿ ಸಿಕ್ಕಿತು ಎಂದುಕೊಳ್ಳಿ."

ಗುರಪ್ಪನ ಹಣೆಯಲ್ಲಿ ನೆರಿಗೆ ಮೂಡಿದವು. ಗಡಿಯಾರ ಓಡಿತು. ನಲವತ್ತೆಂಟು ಸೆಕೆಂಡಿಗೆ ಕೈ ಅರ್ಧ ಎದ್ದಿತು. "ಕುರ್ಚಿ ಕಾಣಾಕತ್ತದರಿ."

"ಬಸವಂತ್ರಾಯ?"

"ಅಂವ ಕಾಣವಲ್ಲ. ಕುರ್ಚಿ ಮಾತ್ರ ಛಲೋ ಅದ, ಬೆತ್ತದ್ದು."

ಆವತ್ತು ಮಧ್ಯಾಹ್ನದೊಳಗೆ ಬಂಗಲೆಯ ಮುಂದೆ ಸಾಲು ಹತ್ತಿತು. ಕರೆಯದೆ ಬಂದವರಿದ್ದರು, ಒಮ್ಮೆ ನೋಡಿ ಹೋಗಿ, ಇನ್ನೂ ಒಂದು ಹೊಳೆಯಿತೆಂದು ತಿರುಗಿ ಬಂದವರಿದ್ದರು. ಮಲ್ಲಿಕಮ್ಮ ಬಳೆಯ ಮಲಾರ ಕೆಳಗಿಟ್ಟು, ಬಸವಂತ್ರಾಯನಿಗೆ ಹಾವು ಕಚ್ಚಿಸಿ, ಯಾವ ಬೆರಳಿಗೆ ಎಂಬುದನ್ನೂ ಹೇಳಿ ಹೋದಳು. ಖಾಜಾಬೀ ಅವನ ಮನೆಗೆ ಬೆಂಕಿ ಬೀಳುವುದನ್ನು ಒಂದೂವರೆ ಸೆಕೆಂಡಿನಲ್ಲಿ ಕಂಡು, ಪಾಪ, ಅಡುಗೆಯ ಪಾತ್ರೆಗಳನ್ನು ಉಳಿಸಿಕೊಟ್ಟಳು. ಸುರಪುರದಲ್ಲಿ ದರ್ಜಿ ಅಬ್ದುಲ್ ಕರೀಮನಿಗೆ ಬಸವಂತ್ರಾಯನ ಮದುವೆ ಕಾಣಲು ಒಂದು ನಿಮಿಷ ಹಿಡಿಯಿತು. "ಷೇರವಾನಿ ಕಾಣ್ತದ್ ನೋಡ್ರಿ. ಹೊಲಿಗಿ ನಂದೇ. ಹಾಕ್ಕೊಂಡವ ಯಾರು ಗೊತ್ತಾಗವಲ್ದು, ಮಾರಿ ಮುಚ್ಚೂವಂಗ ಮಲ್ಲಿಗಿ ಸೆಹರಾ ಬಿಟ್ಟಾರ."

ತನ್ನ ಸಾವುಗಳನ್ನೆಲ್ಲ ಬಸವಂತ್ರಾಯ ತಾನೇ ದುಂಡಗೆ ಬರೆದುಕೊಂಡ. ಕೈ ಎಡದಿಂದ ಬಲಕ್ಕೆ ಓಡುವುದನ್ನು ಕಲಿತದ್ದು ಆ ಹದಿನೈದು ದಿನಗಳಲ್ಲೇ. ಸುರಪುರದ ಲೆಕ್ಕ ಮುಗಿದಾಗ ನಲವತ್ತು ಮಂದಿ ಆಗಿದ್ದರು. ಕೆಟ್ಟದ್ದಕ್ಕೆ ಸರಾಸರಿ ಎರಡು ಸೆಕೆಂಡು, ಒಳ್ಳೆಯದಕ್ಕೆ ಐವತ್ತು. "ಈ ಸೀಮೆಯ ಜನ ಇಷ್ಟು ನಿರಾಶರೇ?" ಎಂದು ಸಾಹೇಬರು ಮರುಗಿದರು. "ನಿರಾಶ ಅಲ್ರಿ, ನನ್ ಬಗ್ಗೆ ಅವ್ರು ಪೂರಾ ಆಶಾದಾಗ ಅದಾರ," ಎಂದ ಬಸವಂತ್ರಾಯ.

ನಗುವುದಕ್ಕೆ ಅದೇ ಕೊನೆಯ ದಿನವಾಯಿತು. ಯಾದಗಿರಿಗೆ ಇಳಿದು, ಅತ್ತೆಯ ಮನೆಗೆ ಹೋಗಿ ಹೊಸ್ತಿಲ ಮೇಲೆ ಕಾಲಿಡಬೇಕು, ಒಳಗಿಂದ ಸಾಯಬಮ್ಮ ಮುಷ್ಟಿ ತುಂಬ ಉಪ್ಪು ಮೆಣಸಿನಕಾಯಿ ಹಿಡಿದು ಎದುರು ನಿಂತಳು.

"ನಿಂದ್ರು ಅಲ್ಲೇ! ಎಷ್ಟು ಮಂದಿ ಬಾಯಾಗ ಬಿದ್ದು ಬಂದೀ?"

ಬಳೆ ಮಾರಿಕೊಂಡು ಯಾದಗಿರಿಗೂ ಬರುವ ಮಲ್ಲಿಕಮ್ಮ ಎರಡು ದಿನ ಮೊದಲೇ ಬಂದಿದ್ದಳು. ಬಂದವಳು ಎಲ್ಲ ಹೇಳಿದ್ದಳು. ತಾನು ಹಾವು ಕಚ್ಚಿಸಿದ್ದನ್ನು ತುಸು ಹೆಮ್ಮೆಯಿಂದಲೇ ಹೇಳಿದ್ದಳು.

"ನಲವತ್ತು ಬಾಯಿ, ಬಸ್ಯಾ!" ಸಾಯಬಮ್ಮ ಉಪ್ಪು ಮೆಣಸಿನಕಾಯಿಯನ್ನು ಅವನ ತಲೆಯ ಸುತ್ತ ಇಳಿಸಿ ಒಲೆಗೆ ಎಸೆದಳು. ಅದು ಚಟಪಟ ಎಂದು, ಮನೆಯವರೆಲ್ಲ ಕೆಮ್ಮಿದರು. "ಒಂದೊಂದು ಬಾಯಿಗೆ ಹತ್ತತ್ತು ಸಲ ಅಂದಾರ. ಅಷ್ಟರಾಗ ದೇವತಿ ಒಂದರೆ ಹಾದಿರಂಗಿಲ್ಲೇನು? ಒಂದಕ್ಕರೆ ತಥಾಸ್ತು ಅಂದಿರಂಗಿಲ್ಲೇನು? ಈ ಲಗ್ನ ಆಗಂಗಿಲ್ಲ. ನನ್ನ ಮಗಳ ಕೈ ಬರಿದಾಗಿ..." ಎಂದು ತಡೆದು, "ಬಿಡ್ತು, ಬಿಡ್ತು," ಎಂದು ಎರಡು ಸಲ ಎಂದಳು.

"ಅತ್ತಿ, ನಾ ಗಟ್ಟಿ ಅದೀನಲ್ಲ."

"ಇವತ್ತು ಅದೀ."

ಒಳಗಿನಿಂದ ಭೀಮವ್ವ ಬಂದಳು. ಗಂಡನಾಗುವವನ ಹೆಸರು ಹಿಡಿಯುವ ರೂಢಿಯಿಲ್ಲ. ಅವಳು ಕಂಬದೊಂದಿಗೆ ಮಾತಾಡಿದಳು. "ಅಷ್ಟು ಮಂದಿ ಸೇರಿ ಕೊಂದರೂ ಇನ್ನಾ ನಿಂತು ಮಾತಾಡಾಕತ್ತಾರಂದ್ರ, ಇಂಥಾ ಗಟ್ಟಿ ಆಳು ಯಾದಗಿರಿ ತುಂಬ ಸಿಗಂಗಿಲ್ಲ."

"ನೀ ಬಾಯಿ ಮುಚ್ಚು. ಲಗ್ನ ನನ್ನ ಕಣ್ಣಿಗೆ ಕಾಣವಲ್ದು. ಕಾಣಲಾರದ್ದು ಹ್ಯಾಂಗ ಮಾಡ್ಲಿ?"

ಅದನ್ನು ಕೇಳಿ ಭೀಮವ್ವ ಕಂಬ ಬಿಟ್ಟು, ನೇರ ಬಸವಂತ್ರಾಯನ ಕಡೆ ತಿರುಗಿದಳು. "ಕಾಣ್ತದೋ ಇಲ್ಲೋ ಅಂತ ಅಳೆಯೂದೇ ಅಲ್ಲೇನು ನಿಮ್ ನೌಕರಿ? ಸಾಹೇಬರನ್ನ ಇಲ್ಲಿಗೇ ಕರ್ಕೊಂಡ್ ಬರ್ರಿ."

ಯಾದಗಿರಿಯ ಹತ್ತೊಂಬತ್ತು ಮಂದಿ ಮುಗಿಯಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಮಧ್ಯಾಹ್ನ ಸಾಹೇಬರು ಅರವತ್ತನೆಯವಳನ್ನು ಅಳೆಯಲು ಕಾಗದ ಹಿಡಿದು ಸಾಯಬಮ್ಮನ ಅಂಗಳದಲ್ಲಿ ಚಾಪೆಯ ಮೇಲೆ ಕೂತರು. ಅವಳು ಒಪ್ಪಿದ್ದು, ಸರಕಾರಿ ಸಾಹೇಬರು ಮನೆಗೆ ಬಂದರೆ ಒಲ್ಲೆ ಎನ್ನಲಾಗದೆ. ಒಂದು ಕರಾರು ಹಾಕಿದಳು: ಕೈ ಎತ್ತುತ್ತೇನೆ, ಬಾಯಿ ಬಿಡುವುದಿಲ್ಲ. ವೆಂಕಪ್ಪ ಅಂದು ಹರಗೋಲು ಕಟ್ಟಿಹಾಕಿ, ಬಾಗಿಲಲ್ಲಿ ಕೂತು ಬೀಡಿ ಹಚ್ಚಿಕೊಂಡಿದ್ದ. ಬಸವಂತ್ರಾಯ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತ.

"ಅಮ್ಮ, ಕಣ್ಣು ಮುಚ್ಚಿಕೊಳ್ಳಿ. ಈ ಬಸವಂತ್ರಾಯ..." ಎಂದರು ಸಾಹೇಬರು.

ಕೈ ಎದ್ದಿತು.

"ಇನ್ನೂ ಪ್ರಶ್ನೆ ಹೇಳಿಲ್ಲ, ಅಮ್ಮ."

"ಕೇಳೂದೇನದ? ಕಂಡದ."

ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೆ ಸಾಹೇಬರು ಉಸಿರೆಳೆದುಕೊಂಡರು, ಅಷ್ಟಕ್ಕೇ ಕೈ ಎದ್ದಿತು. ಗಡಿಯಾರ ಒತ್ತುವುದಕ್ಕೆ ಸಮಯವೇ ಸಿಗಲಿಲ್ಲ. "ಸೊನ್ನೆಗಿಂತ ಕಡಿಮೆ ಬರೆಯಲು ನನ್ನ ಕಾಗದದಲ್ಲಿ ಮನೆಯಿಲ್ಲವಲ್ಲಪ್ಪ," ಎಂದು ಸಾಹೇಬರು ಪೇಚಾಡಿದರು. ಹತ್ತೂ ಕೆಟ್ಟವು ಒಂದು ನಿಮಿಷದಲ್ಲಿ ಮುಗಿದವು. ಸಾಯಬಮ್ಮನ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಏನೇನು ಕಂಡಳೋ, ತುಟಿ ಮಾತ್ರ ಹೊಲಿದಂತಿತ್ತು.

ಒಳ್ಳೆಯವು ಶುರುವಾದವು. ಕಾಯಂ ನೌಕರಿ: ಮೂರು ನಿಮಿಷ ಕಾದರೂ ಕೈ ಏಳಲಿಲ್ಲ, ಮೂರರ ಮೇಲೆ ಕಾಯುವ ನಿಯಮವಿರಲಿಲ್ಲ. ಸ್ವಂತ ಮನೆ: ಇಲ್ಲ. ಊರಿನಲ್ಲಿ ಮರ್ಯಾದೆ: ಇಲ್ಲ. ಒಂಬತ್ತಕ್ಕೂ ಸಾಹೇಬರು ಅಡ್ಡಗೆರೆ ಎಳೆದರು. ಉಳಿದದ್ದು ಹತ್ತನೆಯದು.

"ಈ ಬಸವಂತ್ರಾಯನಿಗೂ ತಮ್ಮ ಮಗಳಿಗೂ ಮದುವೆ ಆಗುತ್ತಿದೆ ಎಂದುಕೊಳ್ಳಿ."

ಪಟ್ಟಿಯಲ್ಲಿ "ತಮ್ಮ ಮಗಳಿಗೂ" ಎಂದು ಇರಲಿಲ್ಲ. ಬರುವಾಗ ದಾರಿಯಲ್ಲಿ ಭೀಮವ್ವ ನೀರಿನ ಕೊಡ ಹೊತ್ತು ಎದುರಾಗಿ ಸಾಹೇಬರ ಪಟ್ಟಿಯನ್ನು ತಿದ್ದಿದ್ದಳು.

ಒಂದು ನಿಮಿಷ. ಅಂಗಳದಲ್ಲಿ ಕೋಳಿ ಕೆದಕುವುದು ಕೇಳುತ್ತಿತ್ತು. ಎರಡು ನಿಮಿಷ. ವೆಂಕಪ್ಪನ ಬೀಡಿ ಬೆರಳು ಸುಟ್ಟಿತು, ಅವನು ಕೂಗಲಿಲ್ಲ. ಎರಡೂವರೆ. ಬಸವಂತ್ರಾಯ ಜೀವಮಾನದಲ್ಲಿ ಮೊದಲ ಸಲ, ಸಮಯವೇ ತನಗಿಂತ ಮುಂದೆ ಎದ್ದು ಹೋಗದಿರಲೆಂದು ಬೇಡಿಕೊಂಡ. ಮೂರಕ್ಕೆ ಐದು ಸೆಕೆಂಡು ಇದ್ದಾಗ ಸಾಯಬಮ್ಮನ ಹುಬ್ಬು ಗಂಟಾಯಿತು.

"ಅಯ್ಯ, ಆ ಹಂದರ ಯಾರು ಹಾಕ್ಯಾರದು? ಬಡಗಣ ಮೂಲಿ ವಾಲಿ ನಿಂತದಲ್ಲ!"

ಸಾಯಬಮ್ಮ ಕಣ್ಣು ಮುಚ್ಚಿಕೊಂಡೇ ಅಂಗಳದ ತುಂಬ ಓಡಾಡುವವಳಂತೆ ಅತ್ತ ಇತ್ತ ಕತ್ತು ಹೊರಳಿಸಿದಳು.

"ಹುಗ್ಗಿ ತಳ ಹತ್ತೇದ. ವಾಸನಿ ಬರಾಕತ್ತದ, ಯಾರೂ ತಿರುವವಲ್ರು, ಎಲ್ಲಾ ಮುಂದ ಹೋಗಿ ಅಕ್ಕಿಕಾಳ ಹಿಡ್ಕೊಂಡು ನಿಂತಾರ. ಬಸ್ಯಾನ ರುಮಾಲು ಕಿವಿ ಮ್ಯಾಲ ಇಳದದ, ಕಟ್ಟಿದವ್ಗ ಕೈ ಇರಲಿಲ್ಲೇನು? ಭೀಮಿ, ಸೆರಗು! ಸೆರಗು ತುಳದು ಬೀಳತಿ!"

"ನನ್ ಸೀರಿ ಯಾ ಬಣ್ಣದ್ದವ್ವ?" ಎಂದು ಭೀಮವ್ವ ಮೆಲ್ಲಗೆ ಕೇಳಿದಳು.

"ಹಸರ. ಇಳಕಲ್ಲಿಂದು. ಎರಡ್ ಮೊಳ ಗಿಡ್ಡ ತಂದಾರ, ದುಡ್ಡಿನ ಮಾರಿ ನೋಡಿ."

ವೆಂಕಪ್ಪ ಬಾಗಿಲು ಬಿಟ್ಟು ಎದ್ದು ಬಂದ. "ಅಲ್ಲಾ... ನಾ ಅದೀನೇನು ಅಲ್ಲೆ?"

"ಅದೀರಲ್ಲ! ಬೀಡಿ ಹಚ್ಕೊಂಡು ಬಾಗಲಾಗ ಅಡ್ಡ ಕುಂತೀರಿ. ಬೀಗರು ಒಳಗ ಹ್ಯಾಂಗ ಬರಬೇಕು?"

ಇಪ್ಪತ್ತೈದು ವರ್ಷದಲ್ಲಿ ಹೆಂಡತಿಯ ಕಣ್ಣಿನೊಳಗೆ ವೆಂಕಪ್ಪ ಒಣಗಿದ ಬಟ್ಟೆಯಲ್ಲಿ ಕೂತದ್ದು ಅದೇ ಮೊದಲು. ಅವನು ಗೋಡೆಯ ಕಡೆ ಮುಖ ಮಾಡಿ ಹೆಗಲ ಮೇಲಿನ ಟವೆಲಿನಿಂದ ಮೂಗು ಒರೆಸಿಕೊಂಡ.

"ಹಾಗಾದರೆ ಮದುವೆ ಕಾಣುತ್ತಿದೆಯೇ, ಅಮ್ಮ?" ಸಾಹೇಬರು ಪೆನ್ನು ಹಿಡಿದು ಕೇಳಿದರು.

"ಕಾಣದ ಏನ್ರಿ? ಲಗ್ನ ಆಗದನ ಹುಗ್ಗಿ ಹ್ಯಾಂಗ ತಳ ಹತ್ತತದ?"

ಅಷ್ಟು ಹೇಳಿ ಸಾಯಬಮ್ಮ ಕಣ್ಣು ತೆರೆದಳು. ಎದುರಿಗೆ ಎಲ್ಲರ ಮುಖ. ತಾನು ಬಾಯಿ ಬಿಟ್ಟೆನೆಂಬುದು ಆಗ ಗೊತ್ತಾಯಿತು. ಅದೂ ಅಷ್ಟಿಷ್ಟಲ್ಲ, ಹಂದರ, ಹುಗ್ಗಿ, ಸೀರೆ, ಬೀಗರು, ಎಲ್ಲವನ್ನೂ ಹಾಡುಹಗಲಿಗೆ, ಬಯಲಿನಲ್ಲಿ, ತನ್ನ ಬಾಯಿಂದಲೇ ಆಡಿದ್ದಳು. ಅವಳು ಹೆದರಿ ಒಮ್ಮೆ ಆಕಾಶ ನೋಡಿದಳು; ಯಾವ ದೇವತೆ ಹಾದು ತಥಾಸ್ತು ಎಂದಿತ್ತೋ.

"ಆಡಿದ್ದು ಆಡಿದಿ, ಅವ್ವಾ," ಎಂದಳು ಭೀಮವ್ವ. "ಬ್ಯಾಡಂದ್ರ ಇನ್ನಾ ಹೊತ್ತದ. ಮಗಳ ಲಗ್ನಕ್ಕ ಬಿಡ್ತು ಅನ್ನು, ನೋಡೂಣು."

ಸಾಯಬಮ್ಮನ ಬಾಯಿ ತೆರೆಯಿತು. ‘ಬಿ’ ಎಂಬಷ್ಟು ತುಟಿ ಕೂಡಿದವು. ಹೆತ್ತ ಮಗಳ ಮದುವೆಗೆ ಆ ಮಾತು ಅಂದ ತಾಯಿ ಭೂಮಿಯ ಮೇಲೆ ಇರಲಿಕ್ಕಿಲ್ಲ. ಅಂದುಬಿಟ್ಟು, ಅದಕ್ಕೂ ಒಬ್ಬ ದೇವತೆ ತಥಾಸ್ತು ಎಂದರೆ? ಎರಡು ಸಲ ಪ್ರಯತ್ನಪಟ್ಟಳು. ಮೂರನೆಯ ಸಲ ಮಗಳನ್ನು ಬಿಟ್ಟು ಬಸವಂತ್ರಾಯನ ಮೇಲೆ ಹರಿಹಾಯ್ದಳು.

"ಏನ್ ಕಣ್ಣ ಬಿಟ್ಕೊಂಡ್ ನಿಂತೀಯೋ ಮೂಳ? ಗಡಿಯಾರ ಒತ್ತು! ಆ ಬಡಗಣ ಮೂಲೀ ಕಂಬಕ್ಕ ಮೊಳಕಾಲುದ್ದ ತಗ್ಗು ತೋಡ್ಸಬೇಕು, ಮದ್ಲ ಹೇಳೀನಿ. ಹುಗ್ಗಿ ತಿರುವಾಕ ಯಾರನ್ನೂ ಕರಿಬ್ಯಾಡ್ರಿ, ನಾನೇ ನಿಂದ್ರತೀನಿ."

ಬಸವಂತ್ರಾಯ ಗಡಿಯಾರ ಒತ್ತಿದ. ಎಷ್ಟಾಗಿತ್ತೆಂದು ಸಾಹೇಬರು ಬರೆದುಕೊಂಡರೋ ಇಲ್ಲವೋ, ಅವನು ಆ ಕಡೆ ನೋಡಲಿಲ್ಲ.

ನೌಕರಿಯನ್ನು ಮುಂದಕ್ಕೆ ಎಳೆದರು. ಆಮೇಲೆ ಅವನು ಶಹಾಪುರದ ಕಚೇರಿಗೆ ಸೇರಿ, ಎರಡೂ ದಿಕ್ಕಿಗೆ ಓಡುವ ಕೈಯಿಂದ ಉರ್ದು ಕಾಗದಗಳನ್ನೆಲ್ಲ ಕನ್ನಡಕ್ಕೆ ಇಳಿಸಿ, ಹೆಡ್ ಕ್ಲಾರ್ಕಾಗಿ ನಿವೃತ್ತನಾದ. ಮದುವೆ ಕಾರಹುಣ್ಣಿಮೆಗೆ ನಾಲ್ಕು ದಿನ ಮೊದಲೇ ಆಯಿತು. ಹಂದರದ ನಾಲ್ಕೂ ಮೂಲೆ ನೆಟ್ಟಗಿದ್ದವು, ಸೀರೆ ಎರಡು ಮೊಳ ಹೆಚ್ಚೇ ತಂದಿದ್ದರು. ಸಾಯಬಮ್ಮ ಮುಂಜಾನೆಯಿಂದ ಕೈಯಲ್ಲಿ ಸಟ್ಟುಗ ಹಿಡಿದು, ಹುಗ್ಗಿಯ ಕೊಪ್ಪರಿಗೆ ಬಿಟ್ಟು ಕದಲಲಿಲ್ಲ. ಭಜಂತ್ರಿ ಜೋರಾಗಿ, ಹೆಂಗಸರು "ಏ ಸಾಯಬಮ್ಮ, ತಾಳಿ ಕಟ್ಟಾಕತ್ತಾನ, ಬಾ, ಮಗಳ ಲಗ್ನ ನೋಡ್ಬಾ!" ಎಂದು ಕೂಗಿದರು.

ಅವಳು ಹುಗ್ಗಿಯಿಂದ ಕಣ್ಣು ತೆಗೆಯಲಿಲ್ಲ. "ನಾ ಆಗ್ಲೇ ನೋಡೀನಿ," ಎಂದಳು. "ನೀವು ನೋಡ್ರಿ."